ಇಗರ್ಜಿಯ ಭಾರ ಹೊರುವವರು

ಮಂಗಳೂರು ಉಡುಪಿ ಸೀಮೆಯ ಯಾವುದಾದರೊಂದು ಇಗರ್ಜಿಗೆ ಭಾನುವಾರ ಬೆಳಗ್ಗೆ ಹೋಗಿ, ಹಿಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಈಗ ಸಾಮಾನ್ಯವಾಗಿ ಕಾಣುವ ನೋಟವನ್ನು ಮೊದಲು ಹೇಳುವೆವು. ಪೂಜೆ ಆರಂಭವಾದ ಕೆಲವು ನಿಮಿಷಗಳಲ್ಲಿ ಜನರ ನಡುವಿನಿಂದ ಒಬ್ಬ ಗೃಹಿಣಿ ಎದ್ದು, ಪೀಠದ ಬಳಿಗೆ ನಡೆದು, ತಲೆಬಾಗಿ, ಬೈಬಲಿನ ಒಂದು ಭಾಗವನ್ನು ಕೊಂಕಣಿಯಲ್ಲಿ ಸ್ಪಷ್ಟವಾಗಿ ಓದುವಳು. ಹಲವೆಡೆಗಳಲ್ಲಿ ಬಿಳಿಯ ನಿಲುವಂಗಿ ತೊಟ್ಟ ಬಾಲಕರೊಡನೆ ಬಾಲಕಿಯರೂ ಮೇಣದ ಬತ್ತಿ ಹಿಡಿದು ಪೀಠದ ಇಕ್ಕೆಲಗಳಲ್ಲಿ ನಿಂತಿರುವರು. ಪರಮಪ್ರಸಾದವನ್ನು ಹಂಚುವ ಸಮಯದಲ್ಲಿ ಗುರುಗಳ ಪಕ್ಕದಲ್ಲಿ ಇನ್ನೊಂದು ಪಾತ್ರೆ ಹಿಡಿದು ನಿಲ್ಲುವವರು ಊರ ಶಾಲೆಯ ಉಪಾಧ್ಯಾಯರೋ, ನಿವೃತ್ತರಾದ ಗುಮಾಸ್ತರೋ, ಮಠದ ಕನ್ಯಾಸ್ತ್ರೀಯೋ ಆಗಿರಬಹುದು. ಪೂಜೆ ಮುಗಿಯುತ್ತಲೇ ಪರಿಷತ್ತಿನ ಉಪಾಧ್ಯಕ್ಷರು ಮುಂದೆ ಬಂದು ಸಭಾಂಗಣದ ದುರಸ್ತಿಯ ಲೆಕ್ಕವನ್ನು ಜನರಿಗೆ ಓದಿ ಹೇಳುವರು.

ಇದೇ ಇಗರ್ಜಿಯಲ್ಲಿ ಇದೇ ಸಾಲಿನಲ್ಲಿ ಬಾಲ್ಯದಲ್ಲಿ ಮೊಣಕಾಲೂರಿದ ಅಜ್ಜಿಯರು ಇನ್ನೂ ಕೆಲವರು ಬದುಕಿರುವರು. ಅವರನ್ನು ಕೇಳಿದರೆ ಬೇರೆಯೇ ಒಂದು ನೋಟವನ್ನು ವರ್ಣಿಸುವರು. ಆಗ ಗುರುಗಳು ಜನರಿಗೆ ಬೆನ್ನುಮಾಡಿ ಪೀಠದ ಕಡೆಗೆ ಮುಖವಿಟ್ಟು ನಿಲ್ಲುತ್ತಿದ್ದರು. ಪ್ರಾರ್ಥನೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಅದಕ್ಕೆ ಪ್ರತ್ಯುತ್ತರ ಕೊಡುವವನು ಬಾಯಿಪಾಠ ಮಾಡಿದ ಒಬ್ಬ ಬಾಲಕ. ಅವನಿಗೂ ಅರ್ಥ ಅಷ್ಟಕ್ಕಷ್ಟೆ. ಉಳಿದವರು ತಮ್ಮ ತಮ್ಮ ಜಪಸರವನ್ನು ಎಣಿಸುತ್ತ, ಗಂಟೆಯಾದಾಗ ತಲೆಬಾಗಿಸುತ್ತ, ಮೌನವಾಗಿ ಕುಳಿತಿರುತ್ತಿದ್ದರು. ಪೀಠದ ಮುಂದಿನ ಕಟಕಟೆಯನ್ನು ದಾಟಿ ಪೂಜಾಸೇವೆಗೆ ಹೋಗುವ ಅಧಿಕಾರ ಸ್ತ್ರೀಯರಿಗೆ ಇರಲಿಲ್ಲ.

ಒಬ್ಬ ಮನುಷ್ಯನ ಆಯುಷ್ಯದೊಳಗೆ ಇಷ್ಟೊಂದು ವ್ಯತ್ಯಾಸ ಹೇಗಾಯಿತು? ಇದು ಹೊರಗಿನ ಆಚಾರದ ಬದಲಾವಣೆಯೇ, ಅಥವಾ ಮನೆಯ ಯಜಮಾನಿಕೆಯೇ ಬದಲಾಯಿತೇ? ನಮ್ಮ ನೆರೆಯವರಾದ ಕಥೋಲಿಕ ಕ್ರೈಸ್ತರ ಈ ವಿಷಯ ಅವರಿಗೆ ಮಾತ್ರ ಸಂಬಂಧಿಸಿದುದಲ್ಲ. ಒಂದು ಸಂಸ್ಥೆಯನ್ನು ನಡೆಸುವ ಭಾರ ಯಾರದು, ಅಧಿಕಾರ ಯಾರದು, ಇವೆರಡೂ ಒಂದೇ ಕಡೆ ಇರಬೇಕೇ ಎಂಬ ಪ್ರಶ್ನೆ ದೇವಸ್ಥಾನದ ಮೊಕ್ತೇಸರರಿಗೂ, ಮಠದ ಶಿಷ್ಯರಿಗೂ, ಶಾಲೆಯ ಸಮಿತಿಗೂ, ಕೊನೆಗೆ ಪ್ರತಿಯೊಂದು ಸಂಸಾರಕ್ಕೂ ಉಂಟು. ಆದಕಾರಣ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವೆವು.

ಇಗರ್ಜಿ ಎಂಬುದು ಕಟ್ಟಡದ ಹೆಸರು. ಅದಕ್ಕೆ ಸೇರಿದ ಮನೆಗಳ ಸಮೂಹಕ್ಕೆ ಕನ್ನಡದಲ್ಲಿ ಧರ್ಮಕೇಂದ್ರವೆಂದೂ ಕೊಂಕಣಿಯಲ್ಲಿ ಫಿರ್ಗಜ್ ಎಂದೂ ಹೆಸರು. ಅದರ ಮುಖ್ಯ ಗುರುಗಳನ್ನು ವಿಗಾರ್ ಎಂದು ಕರೆಯುವರು. ಹಲವು ಧರ್ಮಕೇಂದ್ರಗಳು ಕೂಡಿದರೆ ಒಂದು ಧರ್ಮಪ್ರಾಂತ್ಯ. ಅದಕ್ಕೆ ಒಡೆಯರು ಬಿಷಪರು. ೧೮೮೬ರಲ್ಲಿ ಭಾರತದಲ್ಲಿ ಧರ್ಮಪ್ರಾಂತ್ಯಗಳು ಕ್ರಮವಾಗಿ ಏರ್ಪಟ್ಟಾಗ ಮಂಗಳೂರು ಅವುಗಳಲ್ಲೊಂದಾಯಿತು. ೨೦೧೨ರಲ್ಲಿ ಉಡುಪಿ ಅದರಿಂದ ಬೇರೆಯಾಗಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಇಂಗ್ಲಿಷಿನಲ್ಲಿ ಧರ್ಮಕೇಂದ್ರಕ್ಕೆ ಇರುವ ಪ್ಯಾರಿಷ್ ಎಂಬ ಮಾತು ಗ್ರೀಕ್ ಮೂಲದ್ದು. ನೆರೆಯಲ್ಲಿ ಬೀಡುಬಿಟ್ಟವರು, ಪರಸ್ಥಳದಲ್ಲಿ ತಂಗಿದವರು ಎಂಬುದು ಅದರ ಮೊದಲಿನ ಅರ್ಥ. ಹೀಗೆ ಹೆಸರಿನಲ್ಲಿ ಮೊದಲು ಇದ್ದುದು ಜನ; ಕಟ್ಟಡವೂ ಅಧಿಕಾರಿಯೂ ಆಮೇಲೆ ಬಂದುವು.

ಇಂದು ನಾವು ಹಳೆಯ ಪದ್ಧತಿ ಎನ್ನುವುದು ನಿಜವಾಗಿ ಅಷ್ಟು ಹಳೆಯದಲ್ಲ. ೧೫೪೫ರಿಂದ ೧೫೬೩ರವರೆಗೆ ಇಟಲಿಯ ಉತ್ತರ ಭಾಗದ ಟ್ರೆಂಟ್ ಎಂಬ ನಗರದಲ್ಲಿ ಕಥೋಲಿಕ ಬಿಷಪರ ಮಹಾಸಭೆ ನಡೆಯಿತು. ಆ ಕಾಲದಲ್ಲಿ ಯೂರೋಪಿನಲ್ಲಿ ಅನೇಕ ಗುರುಗಳು ತಮ್ಮ ಊರಿನ ಉತ್ಪತ್ತಿಯನ್ನು ಮಾತ್ರ ತೆಗೆದುಕೊಂಡು ತಾವು ಬೇರೆಡೆ ಇರುತ್ತಿದ್ದರು. ಹಲವರಿಗೆ ಓದು ಬರಹವೂ ಸರಿಯಾಗಿ ಇರಲಿಲ್ಲ. ಮಹಾಸಭೆ ಇದನ್ನು ತಿದ್ದಲು ಹೊರಟಿತು. ಪ್ರತಿಯೊಂದು ಧರ್ಮಕೇಂದ್ರಕ್ಕೂ ಮೇರೆ ಗೊತ್ತಾಗಬೇಕು, ಅದಕ್ಕೆ ಅದರದೇ ಆದ ಗುರುಗಳಿರಬೇಕು, ಅವರು ಅಲ್ಲಿಯೇ ವಾಸವಾಗಿರಬೇಕು, ಗುರುಗಳಾಗುವವರು ಗುರುಮಠದಲ್ಲಿ ಓದಿ ಬರಬೇಕು, ವಿವಾಹ ಅವರ ಮುಂದೆ ನಡೆಯಬೇಕು ಎಂಬ ನಿಯಮಗಳು ಅಲ್ಲಿಂದ ಹೊರಟುವು. ಮಂಗಳೂರಿನ ರೊಜಾರಿಯೊ ಇಗರ್ಜಿ ಮೊದಲು ಕಟ್ಟಲ್ಪಟ್ಟುದು ೧೫೬೮ರಲ್ಲಿ, ಎಂದರೆ ಆ ಮಹಾಸಭೆ ಮುಗಿದ ಐದು ವರ್ಷಗಳಿಗೆ. ಹೀಗೆ ನಮ್ಮ ಕರಾವಳಿಯ ಇಗರ್ಜಿಗಳು ಹುಟ್ಟಿದ್ದೇ ಆ ಹೊಸ ಶಿಸ್ತಿನ ನೆರಳಿನಲ್ಲಿ.

ಆ ಪದ್ಧತಿಯನ್ನು ಹಳಿಯುವುದು ಉಚಿತವಲ್ಲ. ಊರಿನಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಗುರುಗಳೇ ಶಾಲೆ ತೆರೆದರು, ಜನನ ಮರಣಗಳನ್ನು ಬರೆದಿಟ್ಟರು, ಸಾಲಗಾರರಿಂದ ಬಡವನನ್ನು ಬಿಡಿಸಿದರು, ದಾಯಾದಿಗಳ ಜಗಳವನ್ನು ತೀರಿಸಿದರು. ಅನೇಕ ಮನೆಗಳಲ್ಲಿ ಮಗನ ಓದು, ಮಗಳ ಸಂಬಂಧ, ಗದ್ದೆಯ ಗೇಣಿ ಇವೆಲ್ಲಕ್ಕೂ ವಿಗಾರರ ಮಾತೇ ಕಡೆಯ ಮಾತಾಗಿದ್ದಿತು. ದೋಷವಿದ್ದುದು ಇಲ್ಲಿ: ಎಲ್ಲವನ್ನೂ ಒಬ್ಬರೇ ಹೊತ್ತುದರಿಂದ ಉಳಿದವರ ಹೆಗಲು ಹೊರುವ ಅಭ್ಯಾಸವನ್ನು ಕಳೆದುಕೊಂಡಿತು. ಗುರುಗಳು ಒಳ್ಳೆಯವರಾದರೆ ಊರು ಸುಖವಾಗಿರುವುದು. ಅಲ್ಲವಾದರೆ ಬಿಷಪರಿಗೆ ಒಂದು ಅರ್ಜಿ ಬರೆದು ಕಾದುಕೊಂಡಿರುವುದರ ಹೊರತು ಬೇರೆ ದಾರಿಯಿಲ್ಲ.

ಆದರೂ ಗೃಹಸ್ಥರು ಎಂದೂ ಸಂಪೂರ್ಣವಾಗಿ ಬದಿಗೆ ಸರಿದಿರಲಿಲ್ಲ. ಕನ್ನಡ ಜಿಲ್ಲೆಯ ಕ್ರೈಸ್ತರಲ್ಲಿ ಗುರ್ಕಾರ್ ಎಂಬ ಹುದ್ದೆ ಉಂಟು. ತುಳುನಾಡಿನಲ್ಲಿ ಹುಟ್ಟಿ ಬೆಳೆದ ವಾಚಕರಿಗೆ ಈ ಮಾತಿನ ಗುರುತು ಕೂಡಲೇ ಹತ್ತುವುದು. ಅಲ್ಲಿನ ಅನೇಕ ಸಮುದಾಯಗಳಲ್ಲಿ ಹಿರಿಯನಿಗೆ ಗುರಿಕಾರನೆಂದು ಹೆಸರು. ಅದೇ ನೆಲದ ಮಾತು ಇಗರ್ಜಿಯ ಅಂಗಳಕ್ಕೂ ಬಂದಿದೆ. ಕೆಳದಿಯ ನಾಯಕರ ಆಳಿಕೆಯಲ್ಲಿಯೇ ಕ್ರೈಸ್ತರ ಪ್ರತಿಯೊಂದು ವಸತಿಗೂ ಸನ್ನಡತೆಯ ಗೃಹಸ್ಥನೊಬ್ಬನನ್ನು ಗುರ್ಕಾರನಾಗಿ ಆರಿಸುವ ಕ್ರಮವಿದ್ದಿತು. ಇಂದಿಗೂ ಫಿರ್ಗಜನ್ನು ವಾಡೊ ಎಂಬ ಸಣ್ಣ ಸಣ್ಣ ಭಾಗಗಳಾಗಿ ಹಂಚಿ, ಒಂದೊಂದಕ್ಕೆ ಗುರ್ಕಾರರನ್ನು ಗೊತ್ತುಮಾಡುವರು. ವಾಡೊದ ಮನೆಗಳ ಯೋಗಕ್ಷೇಮವನ್ನು ವಿಚಾರಿಸುವುದು, ವಂತಿಗೆ ಕೂಡಿಸುವುದು, ಮನಸ್ತಾಪಗಳನ್ನು ಮಾತಿನಲ್ಲಿ ಮುಗಿಸುವುದು, ಮದುವೆ ಮರಣಗಳಲ್ಲಿ ಮುಂದಾಗಿ ನಿಲ್ಲುವುದು ಇವರ ಕೆಲಸ. ನಡುರಾತ್ರಿಯಲ್ಲಿ ಒಂದು ಮನೆಯಲ್ಲಿ ಸಾವಾದರೆ ಮೊದಲು ತಟ್ಟುವ ಬಾಗಿಲು ಬಹುಮಟ್ಟಿಗೆ ಗುರ್ಕಾರರದೇ.

ಇಂಥ ಗೃಹಸ್ಥರ ಬೆಲೆ ಏನೆಂಬುದು ಕಷ್ಟಕಾಲದಲ್ಲಿ ಗೊತ್ತಾಯಿತು. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಸೀಮೆಯ ಕ್ರೈಸ್ತರು ಸಾವಿರಾರು ಮಂದಿ ಸೆರೆಯಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆಯಬೇಕಾಯಿತು. ಇಗರ್ಜಿಗಳು ಕೆಡವಲ್ಪಟ್ಟುವು, ಗುರುಗಳು ಸೀಮೆಯಿಂದ ಹೊರಗೆ ಕಳುಹಿಸಲ್ಪಟ್ಟರು. ೧೭೯೯ರಲ್ಲಿ ಪಟ್ಟಣ ಬೀಳುವ ತನಕ, ಹದಿನೈದು ವರ್ಷಗಳ ಕಾಲ, ಅವರಿಗೆ ಇಗರ್ಜಿಯೂ ಇಲ್ಲ, ವಿಗಾರರೂ ಇಲ್ಲ. ಆ ಅವಧಿಯಲ್ಲಿ ಹುಟ್ಟಿದ ಮಗು ಪೂಜೆಯನ್ನೇ ಕಾಣದೆ ಯೌವನದ ಹೊಸ್ತಿಲಿಗೆ ಬಂದಿರಬಹುದು. ಹಾಗಿದ್ದರೂ ಬಿಡುಗಡೆಯಾದವರು ಹಿಂದಿರುಗಿ ಬಂದು ಮತ್ತೆ ಇಗರ್ಜಿಗಳನ್ನು ಎಬ್ಬಿಸಿದರು. ನಡುವಿನ ಕಾಲದಲ್ಲಿ ಪ್ರಾರ್ಥನೆಯನ್ನು ಕಾಪಾಡಿದ ಸ್ಥಾನ ಯಾವುದು? ಮನೆ. ಕಾಪಾಡಿದವರು ಯಾರು? ತಾಯಂದಿರು, ಅಜ್ಜಂದಿರು, ವಸತಿಯ ಹಿರಿಯರು. ಮನೆಮಂದಿಯೆಲ್ಲ ಸಂಜೆ ದೀಪದ ಮುಂದೆ ಕೂಡಿ ಜಪಸರ ಹೇಳುವುದಕ್ಕೆ ಕೊಂಕಣಿಯಲ್ಲಿ ತೆರ್ಸ್ ಎಂದು ಹೆಸರು. ಈ ತೆರ್ಸಿಗೆ ಗುರುಗಳ ಅಪ್ಪಣೆಯಾಗಲಿ ಗುಡಿಯಾಗಲಿ ಬೇಡ. ಬರಿಯ ಹತ್ತು ಬೆರಳು ಸಾಕು.

ಹೊರದೇಶಗಳಲ್ಲಿ ಇದಕ್ಕಿಂತಲೂ ಆಶ್ಚರ್ಯವಾದ ದೃಷ್ಟಾಂತವುಂಟು. ಜಪಾನಿನಲ್ಲಿ ೧೬೧೪ರಲ್ಲಿ ಕ್ರೈಸ್ತಧರ್ಮಕ್ಕೆ ನಿಷೇಧ ಬಂದು, ಕೆಲವು ದಶಕಗಳೊಳಗೆ ಆ ದ್ವೀಪಗಳಲ್ಲಿ ಒಬ್ಬ ಗುರುವೂ ಉಳಿಯದಂತಾಯಿತು. ನಾಗಸಾಕಿ ಸುತ್ತಿನ ರೈತರೂ ಬೆಸ್ತರೂ ಗುಟ್ಟಾಗಿ ತಮ್ಮೊಳಗೆ ಕೆಲಸವನ್ನು ಹಂಚಿಕೊಂಡರು. ಹಬ್ಬಗಳ ಪಂಚಾಂಗವನ್ನು ನೆನಪಿಟ್ಟು ಹೇಳುವವನೊಬ್ಬ. ಕೂಸುಗಳಿಗೆ ಜ್ಞಾನಸ್ನಾನ ಮಾಡಿಸುವವನು ಮತ್ತೊಬ್ಬ. ಮನೆಮನೆಗೆ ಸುದ್ದಿ ಮುಟ್ಟಿಸುವವನು ಇನ್ನೊಬ್ಬ. ಹೀಗೆ ತಂದೆಯಿಂದ ಮಗನಿಗೆ ಇಳಿದು ಬಂದ ಈ ವ್ಯವಸ್ಥೆ ಎರಡು ಶತಮಾನಗಳಿಗೆ ಮಿಕ್ಕಿ ನಡೆಯಿತು. ೧೮೬೫ರ ಮಾರ್ಚ್ ತಿಂಗಳಲ್ಲಿ ನಾಗಸಾಕಿಯಲ್ಲಿ ಫ್ರೆಂಚ್ ಗುರುಗಳು ಹೊಸದಾಗಿ ಕಟ್ಟಿದ್ದ ಇಗರ್ಜಿಗೆ ಹಳ್ಳಿಯ ಕೆಲವರು ಬಂದು, ತಾವೂ ಅದೇ ವಿಶ್ವಾಸದವರೆಂದು ಮೆಲ್ಲನೆ ತಿಳಿಸಿದಾಗ ಆ ಗುರುಗಳು ಬೆರಗಾದರು.

ನಮ್ಮ ಮೈಸೂರು ಸೀಮೆಯಲ್ಲಿಯೂ ಉಪದೇಶಿ ಎಂಬ ಹೆಸರು ಹಳೆಯ ಕ್ರೈಸ್ತ ಕುಟುಂಬಗಳಿಗೆ ಪರಿಚಿತವಾದುದು. ಗುರುಗಳು ಕುದುರೆಯ ಮೇಲೋ ಗಾಡಿಯಲ್ಲೋ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಹಳ್ಳಿಯಲ್ಲಿ ನಿಂತು ಮಕ್ಕಳಿಗೆ ಪ್ರಾರ್ಥನೆ ಕಲಿಸಿ, ಭಾನುವಾರ ಜನರನ್ನು ಕೂಡಿಸಿ, ರೋಗಿಯ ತಲೆದೆಸೆಯಲ್ಲಿ ಕುಳಿತವನು ಉಪದೇಶಿ. ಕೇರಳದ ತೋಮಾ ಕ್ರೈಸ್ತರಲ್ಲಿ ಮನೆಯ ಯಜಮಾನರೂ ಸ್ಥಳದ ಗುರುಗಳೂ ಕೂಡಿದ ಪಳ್ಳಿಯೋಗವೆಂಬ ಕೂಟವೇ ಇಗರ್ಜಿಯ ಆಸ್ತಿಪಾಸ್ತಿಯನ್ನು ನೋಡಿಕೊಳ್ಳುತ್ತ ಬಂದಿತು. ಇವೆಲ್ಲವನ್ನೂ ನೆನೆದರೆ ಈಗಿನ ಬದಲಾವಣೆ ಹೊಸ ಗಿಡವಲ್ಲ, ಹಳೆಯ ಬೇರಿನಿಂದ ಮತ್ತೆ ಒಡೆದ ಚಿಗುರು ಎನ್ನಬೇಕಾಗುವುದು.

ಆ ಚಿಗುರಿಗೆ ನೀರೆರೆದುದು ದ್ವಿತೀಯ ವ್ಯಾಟಿಕನ್ ಮಹಾಸಭೆ. ಪೋಪ್ ಇಪ್ಪತ್ತಮೂರನೆಯ ಜಾನ್ ಅವರು ಇದನ್ನು ೧೯೬೨ರ ಅಕ್ಟೋಬರಿನಲ್ಲಿ ಆರಂಭಿಸಿದರು. ಆರನೆಯ ಪೌಲರ ಕಾಲದಲ್ಲಿ ೧೯೬೫ರ ಡಿಸೆಂಬರಿನಲ್ಲಿ ಮುಗಿಯಿತು. ೧೯೬೩ರ ಡಿಸೆಂಬರಿನಲ್ಲಿ ಪೂಜೆಯಲ್ಲಿ ದೇಶಭಾಷೆಗಳಿಗೆ ಎಡೆಕೊಡುವ ನಿರ್ಣಯವಾಯಿತು. ಲ್ಯಾಟಿನ್ ಹೋಗಿ ಕನ್ನಡ, ಕೊಂಕಣಿ, ತಮಿಳು ಬಂದುದು ಇದರಿಂದಲೇ. ೧೯೬೪ರಲ್ಲಿ ಹೊರಟ, ಧರ್ಮಸಭೆಯ ಸ್ವರೂಪವನ್ನು ಹೇಳುವ ಪತ್ರದಲ್ಲಿ ಅಧ್ಯಾಯಗಳ ಕ್ರಮವೇ ಅರ್ಥಗರ್ಭಿತವಾಗಿದೆ. ದೇವರ ಪ್ರಜೆ ಎಂಬ ಅಧ್ಯಾಯ ಮೊದಲು. ಬಿಷಪರು ಮತ್ತು ಗುರುಗಳನ್ನು ಕುರಿತ ಅಧ್ಯಾಯ ಅದರ ಅನಂತರ. ಜ್ಞಾನಸ್ನಾನ ಹೊಂದಿದ ಪ್ರತಿಯೊಬ್ಬನಿಗೂ ಧರ್ಮಸಭೆಯ ಕಾರ್ಯದಲ್ಲಿ ಪಾಲುಂಟು, ಅದು ಗುರುಗಳು ದಯಮಾಡಿ ಕೊಡುವ ಪಾಲಲ್ಲ, ಹುಟ್ಟಿನಿಂದ ಬಂದ ಹಕ್ಕಿನಂಥದು ಎಂಬುದು ಅದರ ತಾತ್ಪರ್ಯ.

ಮಾತು ಆಚರಣೆಗೆ ಬರಲು ಹಲವು ವರ್ಷಗಳು ಹಿಡಿದುವು. ೧೯೬೭ರಲ್ಲಿ ವಿವಾಹಿತರಾದ ಪ್ರೌಢ ಗೃಹಸ್ಥರು ಡೀಕನ್ ದೀಕ್ಷೆ ಪಡೆದು ಜೀವಮಾನವೆಲ್ಲ ಆ ಸೇವೆಯಲ್ಲಿರಬಹುದೆಂದಾಯಿತು. ಡೀಕನರು ಜ್ಞಾನಸ್ನಾನ ಮಾಡಿಸಬಹುದು, ವಿವಾಹ ನಡೆಸಬಹುದು, ಉಪದೇಶ ಮಾಡಬಹುದು. ಬಲಿಪೂಜೆಯನ್ನು ಮಾತ್ರ ಅರ್ಪಿಸುವಂತಿಲ್ಲ. ಭಾರತದಲ್ಲಿ ಇಂಥವರು ವಿರಳ. ಮುಂಬಯಿ ಮಹಾಧರ್ಮಪ್ರಾಂತ್ಯದಲ್ಲಿ ಕೆಲವರಿರುವರು. ೧೯೭೨ರಲ್ಲಿ ಆರನೆಯ ಪೌಲರು ಗುರುಪಟ್ಟಕ್ಕೆ ಮೆಟ್ಟಿಲುಗಳಾಗಿದ್ದ ಹಳೆಯ ಸಣ್ಣ ದೀಕ್ಷೆಗಳನ್ನು ತೆಗೆದುಹಾಕಿ, ಧರ್ಮಗ್ರಂಥ ಓದುವ ವಾಚಕಸೇವೆಯನ್ನೂ ಪೀಠಸೇವೆಯನ್ನೂ ಗೃಹಸ್ಥರಿಗೆ ತೆರೆದರು. ಆದರೆ ವಿಧಿವತ್ತಾದ ನೇಮಕ ಪುರುಷರಿಗೆ ಮಾತ್ರ. ೧೯೭೩ರ ಜನವರಿಯಲ್ಲಿ, ಗುರುಗಳು ಸಾಲದ ಕಡೆಗಳಲ್ಲಿ ಯೋಗ್ಯರಾದ ಗೃಹಸ್ಥರು ಪರಮಪ್ರಸಾದವನ್ನು ಹಂಚಬಹುದೆಂದು ಅಪ್ಪಣೆಯಾಯಿತು. ಹಾಸಿಗೆ ಹಿಡಿದ ವೃದ್ಧೆಗೆ ಇದರಿಂದ ಆದ ಉಪಕಾರವನ್ನು ಎಣಿಸಿ ನೋಡಿರಿ. ಮೊದಲು ವಿಗಾರರಿಗೆ ಬಿಡುವಾಗುವ ತನಕ ಆಕೆ ಕಾಯಬೇಕಾಗಿದ್ದಿತು. ಈಗ ಭಾನುವಾರ ಪೂಜೆಯಿಂದ ನೇರವಾಗಿ ನೆರೆಮನೆಯವರೇ ಅದನ್ನು ಭಕ್ತಿಯಿಂದ ಹಿಡಿದು ಆಕೆಯ ಮಂಚದ ಬಳಿಗೆ ಬರಬಹುದು.

೧೯೮೩ರ ನವೆಂಬರಿನಲ್ಲಿ ಜಾರಿಗೆ ಬಂದ ಧರ್ಮಸಭೆಯ ಹೊಸ ಕಾನೂನುಸಂಹಿತೆ ಇವೆಲ್ಲಕ್ಕೂ ಒಂದು ಚೌಕಟ್ಟು ಕೊಟ್ಟಿತು. ಅದರ ೫೩೬ನೆಯ ವಿಧಿಯಂತೆ ಬಿಷಪರು ಉಚಿತವೆಂದು ಕಂಡರೆ ಪ್ರತಿ ಧರ್ಮಕೇಂದ್ರದಲ್ಲಿಯೂ ಒಂದು ಪಾಲನಾ ಪರಿಷತ್ತು ಇರಬೇಕು. ೫೩೭ನೆಯ ವಿಧಿಯಂತೆ ಆರ್ಥಿಕ ಪರಿಷತ್ತು ಎಲ್ಲಿಯೂ ಇರಲೇಬೇಕು. ೫೧೭ನೆಯ ವಿಧಿಯ ಎರಡನೆಯ ಭಾಗದಲ್ಲಿ, ಗುರುಗಳ ಕೊರತೆಯುಳ್ಳ ಸ್ಥಳದಲ್ಲಿ ಡೀಕನನಿಗೋ ಗೃಹಸ್ಥನಿಗೋ ಧರ್ಮಕೇಂದ್ರದ ಪಾಲನೆಯಲ್ಲಿ ಪಾಲುಕೊಟ್ಟು, ದೂರದ ಒಬ್ಬ ಗುರುಗಳನ್ನು ಮೇಲ್ವಿಚಾರಣೆಗೆ ನೇಮಿಸಬಹುದೆಂದು ಹೇಳಿದೆ. ಆಫ್ರಿಕದ ಕಾಂಗೋ ದೇಶದಲ್ಲಿ ಕಿನ್ಶಾಸ ನಗರದ ಕಾರ್ಡಿನಲ್ ಮಲೂಲ ಎಂಬವರು ಈ ಕಾನೂನಿಗೂ ಮೊದಲೇ, ೧೯೭೦ರ ದಶಕದಲ್ಲಿ, ವಿವಾಹಿತ ಗೃಹಸ್ಥರನ್ನು ಆರಿಸಿ, ತರಬೇತು ಕೊಟ್ಟು, ಧರ್ಮಕೇಂದ್ರಗಳ ಮುಖ್ಯಸ್ಥರನ್ನಾಗಿ ನಿಲ್ಲಿಸಿದ್ದರು. ಗುರುಗಳು ಬಂದು ಪೂಜೆ ಅರ್ಪಿಸಿ, ಪಾಪನಿವೇದನೆ ಕೇಳಿ, ಸಲಹೆಗಾರರಾಗಿರುವರು. ದಿನದಿನದ ಆಡಳಿತ ಗೃಹಸ್ಥನದು. ಸಂಸಾರ ಸಾಗಿಸಿ ಗೊತ್ತಿದ್ದವನು ಊರನ್ನು ಸಾಗಿಸಬಲ್ಲನೆಂಬ ನಂಬಿಕೆ ಇದರ ಹಿಂದೆ ಇದ್ದಿತು.

ಇನ್ನು ಸ್ತ್ರೀಯರ ಮಾತು. ೧೯೧೭ರ ಹಳೆಯ ಸಂಹಿತೆಯ ಪ್ರಕಾರ, ಪೂಜೆಗೆ ಪ್ರತ್ಯುತ್ತರ ಹೇಳಲು ಪುರುಷರು ಯಾರೂ ಇಲ್ಲದಿದ್ದರೆ ಸ್ತ್ರೀ ದೂರದಲ್ಲಿ ನಿಂತು ಹೇಳಬಹುದಾಗಿದ್ದಿತು. ಪೀಠದ ಹತ್ತಿರ ಸುಳಿಯುವಂತಿರಲಿಲ್ಲ. ೧೯೯೪ರಲ್ಲಿ ಬಾಲಕಿಯರೂ ಪೀಠಸೇವೆ ಮಾಡಬಹುದೆಂದು ರೋಮಿನಿಂದ ತಿಳಿವಳಿಕೆ ಬಂದಿತು. ಒಪ್ಪುವುದು ಬಿಡುವುದು ಆಯಾ ಬಿಷಪರಿಗೆ ಬಿಟ್ಟ ಮಾತಾಯಿತು. ೨೦೨೧ರ ಜನವರಿ ೧೦ರಂದು ಪೋಪ್ ಫ್ರಾನ್ಸಿಸರು ಸಂಹಿತೆಯ ೨೩೦ನೆಯ ವಿಧಿಯಲ್ಲಿದ್ದ ಪುರುಷರು ಎಂಬ ನಿರ್ಬಂಧವನ್ನು ತೆಗೆದು, ವಾಚಕಸೇವೆಗೂ ಪೀಠಸೇವೆಗೂ ಸ್ತ್ರೀಯರನ್ನು ವಿಧಿವತ್ತಾಗಿ ನೇಮಿಸಬಹುದೆಂದರು. ಅದೇ ವರ್ಷದ ಮೇ ತಿಂಗಳಲ್ಲಿ ಉಪದೇಶಿಯ ಕೆಲಸವನ್ನೂ ಸ್ತ್ರೀಪುರುಷರಿಬ್ಬರಿಗೂ ಸಲ್ಲುವ ಸ್ಥಿರವಾದ ಸೇವಾಪದವಿಯನ್ನಾಗಿ ಸ್ಥಾಪಿಸಿದರು. ೨೦೨೨ರ ಜನವರಿಯಲ್ಲಿ ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ತಾವೇ ಗೃಹಸ್ಥ ಸ್ತ್ರೀಪುರುಷರಿಗೆ ಈ ಪದವಿಗಳನ್ನು ಕೊಟ್ಟರು. ಗುರುಪಟ್ಟವಾದರೋ ಪುರುಷರಿಗೆ ಮಾತ್ರ ಎಂಬ ನಿಯಮ ಹಾಗೆಯೇ ಉಳಿದಿದೆ. ನಮ್ಮ ಕರಾವಳಿಯಲ್ಲಿ ವಾಡೊಗಳಿಗೆ ಗೃಹಿಣಿಯರೂ ಗುರ್ಕಾರರಾಗಿ ಆರಿಸಲ್ಪಡುತ್ತಿರುವರು. ಅವರಿಗೆ ಗುರ್ಕಾರ್ನ್ ಎಂದು ಕೊಂಕಣಿಯಲ್ಲಿ ಹೆಸರೂ ಹುಟ್ಟಿಕೊಂಡಿದೆ. ಹುದ್ದೆಗೆ ಸ್ತ್ರೀಲಿಂಗದ ಹೆಸರೊಂದು ಭಾಷೆಯಲ್ಲಿ ನೆಲೆಗೊಳ್ಳುವುದು ಸಣ್ಣ ಸಂಗತಿಯಲ್ಲ.

ಇಷ್ಟನ್ನು ಕೇಳಿದ ವಾಚಕರು ಎಲ್ಲವೂ ಸುಸೂತ್ರವಾಗಿದೆ ಎಂದು ತಿಳಿಯಬಾರದು. ಪೇಚು ಇರುವುದೇ ಇಲ್ಲಿ. ಸಂಹಿತೆಯ ಅದೇ ೫೩೬ನೆಯ ವಿಧಿ, ಪಾಲನಾ ಪರಿಷತ್ತಿಗೆ ಇರುವುದು ಸಲಹೆ ಕೊಡುವ ಮತ ಮಾತ್ರ ಎಂದು ಹೇಳುತ್ತದೆ. ಅಧ್ಯಕ್ಷರು ವಿಗಾರರು, ಕೊನೆಯ ತೀರ್ಮಾನ ಅವರದೇ. ಒಳ್ಳೆಯ ವಿಗಾರರು ಆ ಸಲಹೆಯನ್ನು ಮನೆಯ ಹಿರಿಯರ ಮಾತಿನಂತೆ ಗೌರವಿಸುವರು. ಅಂಥ ಮನಸ್ಸಿಲ್ಲದವರ ಕೈಯಲ್ಲಿ ಪರಿಷತ್ತು ರುಜು ಹಾಕುವ ಯಂತ್ರವಾಗುವುದು. ನಿರ್ಣಯ ಮೊದಲೇ ಆಗಿರುತ್ತದೆ. ಸಭೆ ಆಮೇಲೆ ಸೇರುತ್ತದೆ. ಚಹ ಕುಡಿದು ಎಲ್ಲರೂ ಮನೆಗೆ ಹೋಗುವರು. ಎರಡು ಮೂರು ಬಾರಿ ಹೀಗಾದರೆ ಯೋಗ್ಯರು ಮತ್ತೆ ಸಭೆಗೆ ಕಾಲಿಡುವುದಿಲ್ಲ. ಉಳಿಯುವವರು ತಲೆಯಾಡಿಸುವವರು.

ತಪ್ಪು ಒಂದೇ ಕಡೆಯದಲ್ಲ. ಸೇವೆಯೆಂದು ಕೊಟ್ಟ ಹುದ್ದೆಯನ್ನು ಕೆಲವು ಗೃಹಸ್ಥರು ಮರ್ಯಾದೆಯ ಕುರ್ಚಿಯೆಂದು ತಿಳಿಯುವರು. ಹಬ್ಬದ ಮೆರವಣಿಗೆಯಲ್ಲಿ ಯಾರು ಮುಂದೆ, ಕಲ್ಲಿನ ಮೇಲೆ ಯಾರ ಹೆಸರು ಮೊದಲು ಎಂಬ ಚರ್ಚೆಗೆ ಗಂಟೆಗಳು ಸಲ್ಲುವುವು. ಕೆಲಸ ಕಳೆದುಕೊಂಡು ಬಾಗಿಲು ಹಾಕಿಕೊಂಡು ಕುಳಿತವನ ಮನೆಯ ಮಾತಿಗೆ ಐದು ನಿಮಿಷ ದೊರೆಯುವುದಿಲ್ಲ. ಗುರುಗಳ ದರ್ಪವನ್ನು ದೂರಿದವನೇ ಗುರ್ಕಾರನಾದೊಡನೆ ಅದಕ್ಕಿಂತ ದೊಡ್ಡ ದರ್ಪ ತೋರುವುದುಂಟು. ದೇವಸ್ಥಾನಗಳ ಮೊಕ್ತೇಸರಿಕೆಯ ವ್ಯಾಜ್ಯಗಳನ್ನು ಬಲ್ಲ ನಮ್ಮ ವಾಚಕರಿಗೆ ಈ ರೋಗದ ಲಕ್ಷಣವನ್ನು ವಿವರಿಸಬೇಕಾದುದಿಲ್ಲ.

ಸ್ತ್ರೀಯರ ವಿಷಯದಲ್ಲಿ ಇನ್ನೊಂದು ಮಾತು. ಇಗರ್ಜಿಯನ್ನು ಗುಡಿಸಿ ಹೂವಿಡುವುದು, ಮಕ್ಕಳಿಗೆ ಧರ್ಮಪಾಠ ಹೇಳುವುದು, ರೋಗಿಗಳನ್ನು ನೋಡಿ ಬರುವುದು, ಹಬ್ಬದ ಅಡಿಗೆಗೆ ನಿಲ್ಲುವುದು, ಇವು ಬಹುಪಾಲು ಅವರ ಕೈಯಿಂದಲೇ ನಡೆಯುತ್ತ ಬಂದಿವೆ. ಹಣದ ಚೀಲವೂ ನಿರ್ಣಯದ ಪುಸ್ತಕವೂ ಪುರುಷರ ಕೈಯಲ್ಲಿ ಉಳಿದಿದ್ದರೆ, ಓದಲು ಒಂದು ಪೀಠ ಕೊಟ್ಟ ಮಾತ್ರಕ್ಕೆ ನ್ಯಾಯ ಪೂರ್ತಿಯಾಗಲಿಲ್ಲ. ಹೊರುವವರಿಗೆ ಹೇಳುವ ಹಕ್ಕು ಇರಬೇಕಾದುದು ಧರ್ಮ.

ರೋಮಿನ ಹಿರಿಯರು ಈ ತೊಡಕನ್ನು ಕಾಣದವರಲ್ಲ. ೨೦೨೦ರ ಜುಲೈಯಲ್ಲಿ ಧರ್ಮಕೇಂದ್ರಗಳನ್ನು ಕುರಿತು ಹೊರಟ ಒಂದು ಸೂಚನಾಪತ್ರ, ಗೃಹಸ್ಥರನ್ನು ಸಹಪಾಲಕ ಮೊದಲಾದ ಬಿರುದುಗಳಿಂದ ಕರೆಯಬಾರದೆಂದು ಎಚ್ಚರಿಸಿತು. ಗುರುಗಳ ಪದವಿ ಕರಗಿಹೋದೀತೆಂಬ ಭಯ ಅದರಲ್ಲಿ ಕಾಣುವುದು. ಮರುವರ್ಷ, ೨೦೨೧ರಲ್ಲಿ, ಫ್ರಾನ್ಸಿಸರು ಲೋಕದ ಎಲ್ಲ ಧರ್ಮಪ್ರಾಂತ್ಯಗಳಲ್ಲಿಯೂ ಜನರ ಮಾತನ್ನು ಕೇಳುವ ಒಂದು ದೊಡ್ಡ ವಿಚಾರಣೆಯನ್ನು ಆರಂಭಿಸಿದರು. ೨೦೨೩ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಕೂಡಿದ ಬಿಷಪರ ಸಿನೋದಿನಲ್ಲಿ ಐವತ್ತಕ್ಕೂ ಮಿಕ್ಕಿದ ಸ್ತ್ರೀಯರು ಮೊದಲ ಬಾರಿಗೆ ಮತ ಕೊಟ್ಟರು. ೨೦೨೪ರ ಅಕ್ಟೋಬರ್ ೨೬ರಂದು ಒಪ್ಪಿಗೆಯಾದ ಅದರ ಕೊನೆಯ ಪತ್ರ ಮೂರು ಮುಖ್ಯ ಸಂಗತಿಗಳನ್ನು ಕೇಳಿತು. ಪರಿಷತ್ತುಗಳು ಎಲ್ಲೆಡೆಯೂ ಕಡ್ಡಾಯವಾಗಬೇಕು. ಕೇವಲ ಸಲಹೆಯ ಮತ ಎಂಬ ಕಾನೂನಿನ ಮಾತನ್ನು ಮರಳಿ ಪರಿಶೀಲಿಸಬೇಕು. ಅಧಿಕಾರದಲ್ಲಿರುವವರು ಹಣಕ್ಕೂ ನಡತೆಗೂ ಜನರಿಗೆ ಲೆಕ್ಕ ಒಪ್ಪಿಸಬೇಕು. ತೀರ್ಮಾನ ಮಾಡುವ ಅಧಿಕಾರ ಬಿಷಪರದೇ ಆದರೂ, ಕ್ರಮವಾಗಿ ನಡೆದ ಸಮಾಲೋಚನೆಯಿಂದ ಹೊರಟ ಮಾತನ್ನು ಅವರು ಕೇಳದಂತೆ ಇರುವಂತಿಲ್ಲ ಎಂಬುದು ಅದರ ಅಭಿಪ್ರಾಯ. ಫ್ರಾನ್ಸಿಸರು ಆ ಪತ್ರವನ್ನು ಹಾಗೆಯೇ ಅಂಗೀಕರಿಸಿದರು. ೨೦೨೫ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಮೇ ತಿಂಗಳಲ್ಲಿ ಹದಿನಾಲ್ಕನೆಯ ಲಿಯೋ ಅವರು ಆ ಸ್ಥಾನಕ್ಕೆ ಬಂದರು. ರೋಮಿನ ಪತ್ರ ಊರಿನ ಇಗರ್ಜಿಯ ಮೇಜಿಗೆ ಮುಟ್ಟಿ, ಅಲ್ಲಿಂದ ಮನಸ್ಸಿಗೆ ಇಳಿಯಲು ಎಷ್ಟು ಕಾಲ ಬೇಕೆಂಬುದು ಊರಿನವರನ್ನೇ ಹೊಂದಿಕೊಂಡಿದೆ.

ಹಾಗಾದರೆ ಆಗಬೇಕಾದುದೇನು? ನಮಗೆ ತೋರಿದುದನ್ನು ಹೇಳುವೆವು. ಮೊದಲನೆಯದಾಗಿ, ಹೊಣೆ ಕೊಡುವಾಗ ಶಿಕ್ಷಣವನ್ನೂ ಕೊಡಬೇಕು. ಗುರುಗಳು ಗುರುಮಠದಲ್ಲಿ ಹಲವು ವರ್ಷ ಓದಿ ಬರುವರು. ಗುರ್ಕಾರನಿಗೆ ಒಂದು ಮಧ್ಯಾಹ್ನದ ಭಾಷಣದಿಂದ ಎಲ್ಲವೂ ತಿಳಿಯಬೇಕೆಂದರೆ ಹೇಗೆ? ದುಃಖದ ಮನೆಯಲ್ಲಿ ಏನು ಮಾತಾಡಬೇಕು, ಏನು ಆಡಬಾರದು, ಕೇಳಿದ ಗುಟ್ಟನ್ನು ಹೇಗೆ ಕಾಯಬೇಕು, ಲೆಕ್ಕವನ್ನು ಹೇಗೆ ಬರೆಯಬೇಕು, ಇವು ಕಲಿತು ಬರುವ ವಿದ್ಯೆಗಳು. ಎರಡನೆಯದಾಗಿ, ಅವಧಿ ಗೊತ್ತಿರಬೇಕು. ಒಂದೇ ಮನೆಯಲ್ಲಿ ಹುದ್ದೆ ಬೇರೂರಬಾರದು. ಮೂರನೆಯದಾಗಿ, ಸಲಹೆಯನ್ನು ತಳ್ಳಿದರೆ ಕಾರಣವನ್ನು ಹೇಳುವ ಪದ್ಧತಿ ಬೇಕು. ತಮ್ಮ ಮಾತು ನಡೆಯಲಿಲ್ಲವೆಂದು ಜನ ಮುನಿಯುವುದು ಕಡಮೆ. ತಮ್ಮ ಮಾತನ್ನು ಕೇಳಲೇ ಇಲ್ಲವೆಂದು ಮುನಿಯುವುದು ಹೆಚ್ಚು. ನಾಲ್ಕನೆಯದು ಮನೆಗೆ ಸೇರಿದುದು. ಓದು, ಸಂಪಾದನೆ, ಹೊರದೇಶದ ಉದ್ಯೋಗ ಇವುಗಳ ನಡುವೆ ಯುವಕರು ಊರಿನ ಕೆಲಸವನ್ನು ಮುದುಕರಿಗೆ ಬಿಟ್ಟುಬಿಟ್ಟರೆ, ಬಾಗಿಲು ಎಷ್ಟು ಅಗಲವಾಗಿ ತೆರೆದರೂ ಒಳಗೆ ಬರುವವರು ಇರುವುದಿಲ್ಲ.

ಗುರುಗಳ ಸ್ಥಾನ ಇದರಿಂದ ಕುಂದುವುದೆಂಬ ಅಂಜಿಕೆಗೂ ಕಾರಣ ಕಾಣದು. ಮಕ್ಕಳು ಬೆಳೆದು ಮನೆಯ ವ್ಯವಹಾರಕ್ಕೆ ಕೈಹಾಕಿದರೆ ತಂದೆಗೆ ಗೌರವ ಕಡಮೆಯಾಗುವುದೇ? ಬೀಗದ ಕೈಗಳ ಗೊಂಚಲನ್ನು ಸೊಂಟದಿಂದ ಬಿಡದ ಯಜಮಾನನ ಮನೆಯಲ್ಲಿ ಮಕ್ಕಳು ಒಂದೋ ಜಗಳಗಂಟರಾಗುವರು, ಇಲ್ಲವೇ ಸೋಮಾರಿಗಳಾಗುವರು. ಕಟ್ಟಡದ ಸಿಮೆಂಟಿನ ಲೆಕ್ಕವನ್ನು ಬಲ್ಲವರಿಗೆ ಒಪ್ಪಿಸಿದ ವಿಗಾರರಿಗೆ ಪ್ರಾರ್ಥನೆಗೂ, ಪಾಪನಿವೇದನೆಗೂ, ರೋಗಿಯ ಬಳಿ ಕುಳಿತುಕೊಳ್ಳುವುದಕ್ಕೂ ಹೊತ್ತು ದೊರೆಯುವುದು. ಅವರು ಗುರುಪಟ್ಟ ಪಡೆದುದೇ ಆ ಕೆಲಸಕ್ಕೆ.

ಶ್ರಾವಣದ ಮಳೆಯ ರಾತ್ರಿಯಲ್ಲಿ ವಾಡೊದ ಕೊನೆಯ ಮನೆಯಲ್ಲಿ ಮುದುಕನೊಬ್ಬನ ಉಸಿರು ನಿಲ್ಲುತ್ತಿದೆ ಎಂದಿಟ್ಟುಕೊಳ್ಳೋಣ. ಮೊದಲು ಸುದ್ದಿ ಮುಟ್ಟುವುದು ಗುರ್ಕಾರ್ನಿಗೆ. ಆಕೆ ಸೆರಗು ಹೊದ್ದು, ಬ್ಯಾಟರಿ ದೀಪ ಹಿಡಿದು, ಕೆಸರಿನ ದಾರಿಯಲ್ಲಿ ನಡೆದು ಬರುವಳು. ಒಬ್ಬನನ್ನು ವಿಗಾರರ ಬಳಿಗೆ ಓಡಿಸಿ, ತಾನು ಮಂಚದ ಪಕ್ಕದಲ್ಲಿ ಮೊಣಕಾಲೂರಿ ಪ್ರಾರ್ಥನೆ ಆರಂಭಿಸುವಳು. ಮನೆಯವರು ಅಳುತ್ತಲೇ ದನಿಗೂಡಿಸುವರು. ಸ್ವಲ್ಪ ಹೊತ್ತಿನಲ್ಲಿ ಗುರುಗಳು ಒದ್ದೆಯಾದ ಕೊಡೆಯನ್ನು ಜಗಲಿಯಲ್ಲಿಟ್ಟು ಒಳಗೆ ಬಂದು, ತಾವು ಮಾತ್ರ ಕೊಡಬಲ್ಲ ಅಭ್ಯಂಗವನ್ನು ಕೊಡುವರು. ಆಗ ಆಕೆ ತಾನಾಗಿ ಎದ್ದು ಅವರಿಗೆ ಎಡೆಬಿಡುವಳು. ಅವರು ಹೊರಟುಹೋದ ಮೇಲೆ ಒಲೆ ಹೊತ್ತಿಸಿ ಮನೆಯವರಿಗೆ ಬಿಸಿನೀರು ಕಾಯಿಸಲು ಉಳಿಯುವವಳೂ ಆಕೆಯೇ. ಇಬ್ಬರಲ್ಲಿ ಮೇಲು ಯಾರು ಎಂಬ ಪ್ರಶ್ನೆ ಆ ಮನೆಯವರಿಗೆ ತೋರುವುದೇ ಇಲ್ಲ. ಪರಿಷತ್ತಿನ ಸಭೆಯಲ್ಲಿಯೂ ಅದು ತೋರದಂತಾದ ದಿನ, ಇಷ್ಟು ವರ್ಷಗಳ ಈ ಬದಲಾವಣೆ ಸಾರ್ಥಕವಾಯಿತೆಂದು ನಾವು ಎಣಿಸುವೆವು.